ಹುಳುವಿಗೊಂದು ಹೆಸರು

ನಮ್ಮ ಭಾಷೆಯಲ್ಲಿ ‘ಹುಳು’ ಎಂಬ ಮಾತಿಗೆ ಇರುವ ಔದಾರ್ಯ ದೊಡ್ಡದು. ಅಕ್ಕಿಯ ಡಬ್ಬಿಯಲ್ಲಿ ಕಾಣಿಸಿಕೊಳ್ಳುವುದೂ ಹುಳು, ಹಿಪ್ಪುನೇರಳೆಯ ಎಲೆಯನ್ನು ತಿಂದು ರೇಷ್ಮೆಯನ್ನು ನೂಲುವುದೂ ಹುಳು. ಮಗುವಿನ ಹೊಟ್ಟೆಯಲ್ಲಿ ಸೇರಿಕೊಂಡು ಕಾಡುವುದು ಹುಳು, ಕತ್ತಲಲ್ಲಿ ಮಿಂಚುವುದು ಹುಳು, ಬೆನ್ನ ಮೇಲೆ ಮನೆಯನ್ನು ಹೊತ್ತು ನಡೆಯುವ ಬಸವನೂ ಹುಳು. ಕೊನೆಗೆ, ತಲೆಯೊಳಗೆ ಹೊಕ್ಕು ಕೊರೆಯುವ ಸಂಶಯಕ್ಕೂ ನಾವು ಹುಳುವೆಂದೇ ಹೆಸರಿಟ್ಟಿದ್ದೇವೆ. ಪ್ರಾಣಿಶಾಸ್ತ್ರಜ್ಞನ ಕಣ್ಣಿಗೆ ಇವೆಲ್ಲ ಒಂದೇ ಕುಲಕ್ಕೆ ಸೇರಿದವಲ್ಲ. ಆದರೆ ಈ ವಿಷಯದಲ್ಲಿ ನಾವು ನಾಚಿಕೊಳ್ಳಬೇಕಾಗಿಲ್ಲ. ಜೀವಿಗಳಿಗೆ ಹೆಸರಿಡುವ ಶಾಸ್ತ್ರಕ್ಕೆ ಅಡಿಗಲ್ಲನ್ನು ಹಾಕಿದ ಲಿನ್ನೇಯಸ್ ಕೂಡ ‘ವರ್ಮಿಸ್’, ಎಂದರೆ ಹುಳುಗಳು, ಎಂಬ ಒಂದು ದೊಡ್ಡ ಪೆಟ್ಟಿಗೆಯನ್ನು ಇಟ್ಟುಕೊಂಡಿದ್ದ. ಬೇರೆಲ್ಲಿಯೂ ಹೊಂದದ ಮೆತ್ತನೆಯ ಜೀವಿಗಳನ್ನೆಲ್ಲ ಅದರೊಳಗೆ ಹಾಕಿ ಮುಚ್ಚಳ ಮುಚ್ಚಿದ್ದ. ಆ ಪೆಟ್ಟಿಗೆಯನ್ನು ಬಿಚ್ಚಿ, ಒಂದೊಂದನ್ನೇ ಹೊರತೆಗೆದು, ಇದು ಇದರ ಬಂಧು, ಇದು ಅಲ್ಲ ಎಂದು ವಿಂಗಡಿಸುವುದಕ್ಕೆ ಮುಂದಿನವರಿಗೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಕೆಲಸ ಇನ್ನೂ ಮುಗಿದಿಲ್ಲ.

ಆ ಪೆಟ್ಟಿಗೆಯಿಂದ ಹೊರಬಂದ ಒಂದು ಸಣ್ಣ ಬಳಗದ ವಿಚಾರವನ್ನು ಇಂದು ಹೇಳಬೇಕೆಂದಿದ್ದೇನೆ. ಮಳೆ ಹಿಡಿದು ಕೂತ ದಿನಗಳಲ್ಲಿ, ತೇವ ಆರದ ಕಡೆಯಲ್ಲಿ, ಒಂದು ಹೂಕುಂಡವನ್ನೋ ಕೊಳೆತ ಮರದ ದಿಮ್ಮಿಯನ್ನೋ ಎತ್ತಿ ನೋಡಿದರೆ, ಅದರ ಅಡಿಯಲ್ಲಿ ರಿಬ್ಬನ್ನಿನ ತುಂಡಿನಂಥ ಒಂದು ಜೀವಿ ಮುದುಡಿಕೊಂಡಿರುವುದುಂಟು. ಮುಟ್ಟಿದರೆ ಅಂಟು. ಬೆಳಕು ಬಿದ್ದೊಡನೆ ಅದು ನಿಧಾನವಾಗಿ ಬಿಚ್ಚಿಕೊಂಡು, ನೀಳವಾಗಿ, ಜಾರುತ್ತ ಕತ್ತಲೆಯ ಕಡೆಗೆ ಹೊರಡುತ್ತದೆ. ಕೆಲವಕ್ಕೆ ಬೆನ್ನ ಮೇಲೆ ಉದ್ದುದ್ದ ಗೆರೆಗಳು. ಕೆಲವಕ್ಕೆ ತಲೆಯ ತುದಿ ಬೀಸಣಿಗೆಯಂತೆ, ಅರ್ಧಚಂದ್ರನಂತೆ ಅಗಲವಾಗಿರುತ್ತದೆ. ನೋಡಿದವರು ಇದನ್ನು ಜಿಗಣೆಯೆಂದು ದೂರ ಸರಿಯಬಹುದು, ಹಾವಿನ ಮರಿಯೆಂದು ಹೆದರಬಹುದು. ಜಿಗಣೆಗೆ ಮೈಯೆಲ್ಲ ಉಂಗುರಗಳು, ಎರಡು ತುದಿಯಲ್ಲೂ ಹಿಡಿಬಟ್ಟಲು. ಇದರ ಮೈಯಲ್ಲಿ ಉಂಗುರವಿಲ್ಲ, ಮನುಷ್ಯನ ರಕ್ತದ ಗೊಡವೆಯೂ ಇದಕ್ಕಿಲ್ಲ. ಇವು ನೆಲವಾಸಿ ಚಪ್ಪಟೆ ಹುಳುಗಳು. ಶಾಸ್ತ್ರದಲ್ಲಿ ಜಿಯೋಪ್ಲಾನಿಡೇ ಎಂಬುದು ಇವುಗಳ ಕುಟುಂಬದ ಹೆಸರು. ಈ ಕುಟುಂಬದಲ್ಲಿ ಈವರೆಗೆ 900ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಡಲಾಗಿದೆ.

ಚಪ್ಪಟೆ ಹುಳುಗಳ ವಂಶಕ್ಕೆ ಲೋಕದಲ್ಲಿ ಒಳ್ಳೆಯ ಹೆಸರಿಲ್ಲ. ಕರುಳಿನಲ್ಲಿ ಬೆಳೆಯುವ ಲಾಡಿಹುಳು, ಕುರಿಯ ಯಕೃತ್ತನ್ನು ಕೆಡಿಸುವ ಹುಳು, ಇವೇ ಆ ವಂಶದ ಪ್ರಸಿದ್ಧ ಸದಸ್ಯರು. ನಮ್ಮ ನೆಲವಾಸಿಗಳು ಆ ವಂಶದವೇ ಆದರೂ ಯಾರ ಮೈಯಲ್ಲೂ ಬಾಡಿಗೆಗಿರುವವಲ್ಲ. ತಾವೇ ನಡೆದು, ತಾವೇ ಬೇಟೆಯಾಡಿ ಬದುಕುವ ಸ್ವತಂತ್ರರು. ಕೊಳದ ಕಲ್ಲುಗಳ ಕೆಳಗಿರುವ, ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಸಾಕುವ ಪ್ಲನೇರಿಯಾ ಇವುಗಳ ಹತ್ತಿರದ ನೆಂಟ.

ಈ ಜೀವಿ ಚಪ್ಪಟೆಯಾಗಿರುವುದು ಏಕೆ ಎಂಬ ಪ್ರಶ್ನೆಯಿಂದಲೇ ಇದರ ದೇಹರಚನೆಯ ಕಥೆಯನ್ನು ಪ್ರಾರಂಭಿಸಬಹುದು. ಇದಕ್ಕೆ ಶ್ವಾಸಕೋಶವಿಲ್ಲ, ಕಿವಿರುಗಳಿಲ್ಲ, ಹೃದಯವಿಲ್ಲ, ರಕ್ತವೂ ಇಲ್ಲ. ಎರೆಹುಳುವಿನಲ್ಲಿ ಹೊರಗೋಡೆಗೂ ಕರುಳಿಗೂ ನಡುವೆ ಇರುವ ಬಯಲು ಇದರಲ್ಲಿಲ್ಲ. ಆ ಜಾಗವನ್ನೆಲ್ಲ ಮೆತ್ತನೆಯ ಒಂದು ಅಂಗಾಂಶ ಗಿಡಿದು ತುಂಬಿಕೊಂಡಿದೆ. ಗಾಳಿಯಲ್ಲಿರುವ ಆಮ್ಲಜನಕ ತೇವವಾದ ಚರ್ಮದ ಮೂಲಕ ನೇರವಾಗಿ ಒಳಗೆ ಇಳಿಯಬೇಕು. ಹಾಗೆ ಇಳಿದು, ಒಂದು ಜೀವಕೋಶದಿಂದ ಇನ್ನೊಂದಕ್ಕೆ ದಾಟುತ್ತ, ಮೈಯ ನಟ್ಟನಡುವಿನವರೆಗೂ ತಲುಪಬೇಕು. ಮೈ ದಪ್ಪವಾದರೆ ಒಳಗಿನ ಜೀವಕೋಶಗಳು ಉಸಿರಿಲ್ಲದೆ ಸಾಯುತ್ತವೆ. ಆದ್ದರಿಂದ ಈ ಪ್ರಾಣಿ ಉದ್ದಕ್ಕೆ ಬೆಳೆಯಬಹುದು, ಅಗಲಕ್ಕೆ ಬೆಳೆಯಬಹುದು, ದಪ್ಪಕ್ಕೆ ಬೆಳೆಯುವಂತಿಲ್ಲ. ಒಂದು ಅಡಿಯಷ್ಟು ಉದ್ದವಾಗುವ ಪ್ರಭೇದಗಳಿವೆ. ಅವೂ ಕೆಲವೇ ಮಿಲಿಮೀಟರ್ ದಪ್ಪ. ಉಸಿರಾಟದ ಬಡತನವೇ ಆಕಾರವನ್ನು ನಿರ್ಧರಿಸಿದೆ.

ಅನ್ನದ ವಿಷಯದಲ್ಲೂ ಇದೇ ತೊಡಕು. ಆಹಾರವನ್ನು ಹೊತ್ತು ಮೈಯೆಲ್ಲ ಸುತ್ತುವ ರಕ್ತವಿಲ್ಲವಾದ್ದರಿಂದ ಕರುಳೇ ಎಲ್ಲೆಡೆಗೂ ಹೋಗಬೇಕಾಗಿದೆ. ಮೈಯ ನಡುವಿನಿಂದ ಕರುಳಿನ ಒಂದು ಕವಲು ತಲೆಯ ಕಡೆಗೂ ಎರಡು ಕವಲುಗಳು ಬಾಲದ ಕಡೆಗೂ ಹೊರಡುತ್ತವೆ. ಪ್ರತಿಯೊಂದು ಕವಲಿನಿಂದಲೂ ಎಡಬಲಕ್ಕೆ ಕಿರುಗವಲುಗಳು ಚಾಚಿರುತ್ತವೆ. ಮರದ ಎಲೆಯ ನಾಳಗಳನ್ನು ನೆನಪಿಗೆ ತಂದುಕೊಂಡರೆ ಇದರ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಕರುಳು ಹೀಗೆ ಮೂರಾಗಿ ಕವಲೊಡೆಯುವುದರಿಂದಲೇ ಆರ್ನಾಲ್ಡ್ ಲಾಂಗ್ ಎಂಬ ವಿದ್ವಾಂಸ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಗಣಕ್ಕೆ ‘ಟ್ರೈಕ್ಲಾಡಿಡಾ’, ಮೂರು ಕವಲಿನವು, ಎಂದು ಹೆಸರು ಕೊಟ್ಟ. ಮೂರು ಕವಲುಗಳಿದ್ದರೂ ಹೊರಗೆ ಹೋಗುವುದಕ್ಕೆ ದಾರಿ ಮಾತ್ರ ಇಲ್ಲ. ಈ ಪ್ರಾಣಿಗೆ ಗುದದ್ವಾರವೇ ಇಲ್ಲ. ಬಾಯಿಯ ಮೂಲಕ ಬಂದುದರಲ್ಲಿ ಬೇಡವಾದದ್ದು ಬಾಯಿಯ ಮೂಲಕವೇ ಹೊರಗೆ ಹೋಗಬೇಕು.

ಆ ಬಾಯಾದರೂ ತಲೆಯಲ್ಲಿಲ್ಲ. ಹೊಟ್ಟೆಯ ಕೆಳಭಾಗದಲ್ಲಿ, ಮೈಯ ಸುಮಾರು ನಡುವಿನಲ್ಲಿದೆ. ಅದರೊಳಗೆ ಮಡಿಸಿಟ್ಟ ಒಂದು ಗಂಟಲಿದೆ. ಕೆಲವು ಪ್ರಭೇದಗಳಲ್ಲಿ ಅದು ಕೊಳವೆಯಂತೆ, ಕೆಲವದರಲ್ಲಿ ಗಂಟೆಯಂತೆ, ಇನ್ನು ಕೆಲವದರಲ್ಲಿ ನೆರಿಗೆ ಹಿಡಿದ ಬಟ್ಟೆಯಂತೆ. ಊಟದ ಹೊತ್ತಿನಲ್ಲಿ ಹುಳು ಈ ಗಂಟಲನ್ನು ಬಾಯಿಯಿಂದ ಹೊರಕ್ಕೆ ಚಾಚುತ್ತದೆ. ಎರೆಹುಳುವೊಂದು ಎದುರಾದರೆ ಅದರ ಮೇಲೇರಿ, ಅಂಟು ಲೋಳೆಯಿಂದ ಅದನ್ನು ಹಿಡಿದುಹಾಕಿ, ಗಂಟಲನ್ನು ಅದರ ಮೈಗೆ ಒತ್ತಿ, ಜೀರ್ಣರಸವನ್ನು ಸುರಿಸುತ್ತದೆ. ಎರೆಹುಳುವಿನ ಮಾಂಸ ಅಲ್ಲಿಯೇ ಕರಗಿ ದ್ರವವಾಗುತ್ತದೆ. ಆ ದ್ರವವನ್ನು ಹೀರಿಕೊಳ್ಳುತ್ತದೆ. ಅಡಿಗೆಯನ್ನೂ ಊಟವನ್ನೂ ಮನೆಯ ಹೊರಗೇ ಮುಗಿಸಿ ಒಳಗೆ ಬರುವ ಸಂಸಾರ ಇದು. ಬೈಪೇಲಿಯಂ ಎಂಬ ಜಾತಿಯ ಎರಡು ಪ್ರಭೇದಗಳಲ್ಲಿ ಟೆಟ್ರೊಡೋಟಾಕ್ಸಿನ್ ಎಂಬ ವಿಷವಿರುವುದು 2014ರಲ್ಲಿ ಪ್ರಕಟವಾದ ಶೋಧನೆಯಿಂದ ತಿಳಿದುಬಂತು. ಜಪಾನೀಯರು ಎಚ್ಚರಿಕೆಯಿಂದ ಅಡಿಗೆ ಮಾಡುವ ಉಬ್ಬುಮೀನಿನಲ್ಲಿರುವ ವಿಷವೇ ಇದು. ನೆಲದ ಮೇಲಿನ ಬೆನ್ನುಮೂಳೆಯಿಲ್ಲದ ಪ್ರಾಣಿಗಳಲ್ಲಿ ಆ ವಿಷ ಕಂಡುಬಂದದ್ದು ಅದೇ ಮೊದಲು.

ಮೈಯ ಕೆಳಗೆ ಉದ್ದಕ್ಕೂ ಒಂದು ‘ಅಂಗಾಲು’ ಇದೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಲೋಮಗಳು ಒತ್ತಾಗಿ ಬೆಳೆದು ಸದಾ ಬೀಸುತ್ತಿರುತ್ತವೆ. ಹುಳು ತಾನೇ ಲೋಳೆಯ ಹಾದಿಯನ್ನು ಹಾಸಿಕೊಂಡು ಅದರ ಮೇಲೆ ಈ ಲೋಮಗಳ ಬಲದಿಂದ ಜಾರುತ್ತದೆ. ಅದರ ನಡಿಗೆಯಲ್ಲಿ ಹೆಜ್ಜೆ ಎಂಬುದೇ ಇಲ್ಲದಿರುವುದಕ್ಕೆ ಇದೇ ಕಾರಣ. ನರಗಳ ವ್ಯವಸ್ಥೆ ಹೊಟ್ಟೆಯ ಕಡೆಗಿದೆ. ಉದ್ದಕ್ಕೆ ಎರಡು ರಜ್ಜುಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ನಮ್ಮ ಅಟ್ಟಕ್ಕೆ ಹಾಕುವ ಏಣಿಯ ಆಕಾರವೇ ಅದು. ದೇಹದಲ್ಲಿ ಹೆಚ್ಚಾದ ನೀರನ್ನು ಹೊರಗೆ ಹಾಕುವುದಕ್ಕೆ ಸಣ್ಣ ಸಣ್ಣ ನಾಳಗಳಿವೆ. ಪ್ರತಿ ನಾಳದ ಕೊನೆಯಲ್ಲಿ ಒಂದು ಜೀವಕೋಶ. ಅದರೊಳಗಿನ ಲೋಮಗಳ ಕುಚ್ಚು ದೀಪದ ಕುಡಿಯಂತೆ ತುಯ್ದಾಡುವುದರಿಂದ ಅದನ್ನು ಜ್ವಾಲಾಕೋಶವೆಂದು ಕರೆಯುತ್ತಾರೆ.

ಇನ್ನು ಕಣ್ಣುಗಳು. ಕೆಲವು ಬಳಗಗಳಿಗೆ ತಲೆಯ ತುದಿಯ ಹತ್ತಿರ ಎರಡೇ ಕಣ್ಣು. ಕೆಲವಕ್ಕೆ ತಲೆಯ ಅಂಚಿನಲ್ಲೂ ಮೈಯ ಬದಿಯಲ್ಲೂ ಸಾಸಿವೆಗಿಂತ ಸಣ್ಣದಾದ ಕಣ್ಣುಗಳ ಸಾಲೇ ಸಾಲು. ಆದರೆ ಇವು ರೂಪವನ್ನು ಕಾಣುವ ಕಣ್ಣುಗಳಲ್ಲ. ಕಪ್ಪು ಬಣ್ಣದ ಒಂದು ಪುಟ್ಟ ಬಟ್ಟಲು, ಅದರೊಳಗೆ ಬೆಳಕನ್ನು ಗುರುತಿಸುವ ಕೋಶಗಳು. ಬೆಳಕು ಯಾವ ಕಡೆಯಿಂದ ಬರುತ್ತಿದೆಯೆಂದು ತಿಳಿದರೆ ಸಾಕು, ಅದಕ್ಕೆ ಬೆನ್ನು ತಿರುಗಿಸಿ ಹೊರಡಬಹುದು. ಸಹಸ್ರಾಕ್ಷನಾದ ಇಂದ್ರ ಲೋಕವನ್ನು ನೋಡುವುದಕ್ಕೆಂದು ಕಣ್ಣುಗಳನ್ನು ಪಡೆದಿದ್ದರೆ, ಈ ಬಹುನೇತ್ರನಿಗೆ ಕಣ್ಣುಗಳಿರುವುದು ಕತ್ತಲೆಯನ್ನು ಹುಡುಕುವುದಕ್ಕೆ.

ಈ ದೇಹರಚನೆಯಿಂದ ಒಂದು ದೊಡ್ಡ ಪರಿಣಾಮ ಹೊರಡುತ್ತದೆ. ಉಸಿರಿಗಾಗಿ ಚರ್ಮ ತೆಳ್ಳಗೆ, ತೇವವಾಗಿ ಇರಬೇಕು. ಅಂಥ ಚರ್ಮ ಒಳಗಿನ ನೀರನ್ನು ಹಿಡಿದಿಡಲಾರದು. ಬಿಸಿಲಿಗೆ ಬಂದರೆ ಹುಳು ಸ್ವಲ್ಪ ಹೊತ್ತಿನಲ್ಲೇ ಒಣಗಿ ಸಾಯುತ್ತದೆ. ನೀರಿನಲ್ಲಿ ಮುಳುಗಿಸಿದರೂ ಉಳಿಯುವುದು ಕಷ್ಟ. ಹದವಾದ ತೇವ, ಹದವಾದ ಕತ್ತಲೆ, ಮೇಲೆ ಎಲೆಗಳ ಹೊದಿಕೆ ಇಷ್ಟೂ ಇರುವಲ್ಲಿ ಮಾತ್ರ ಅದರ ಬಾಳು. ಇಂಥ ಪ್ರಾಣಿ ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ ಒಣಬಯಲನ್ನು ದಾಟಿ ಹೋಗಲಾರದು. ಆದುದರಿಂದ ಒಂದೊಂದು ಕಾಡಿನ ತುಂಡಿಗೂ ತನ್ನದೇ ಆದ ಪ್ರಭೇದಗಳು ಬೆಳೆದಿರುತ್ತವೆ. ಕಾಡು ಕಡಿದು ಬಿಸಿಲು ನೆಲ ಮುಟ್ಟಿದರೆ ಮೊದಲು ಮರೆಯಾಗುವವರಲ್ಲಿ ಇವೂ ಸೇರಿವೆ. ಈ ಕಾರಣದಿಂದಲೇ ಡಚ್ ವಿದ್ವಾಂಸ ರೊನಾಲ್ಡ್ ಸ್ಲೈಸ್, ಕಾಡಿನ ಆರೋಗ್ಯವನ್ನು ಅಳೆಯುವುದಕ್ಕೆ ಈ ಹುಳುಗಳನ್ನೇ ಅಳತೆಗೋಲಾಗಿ ಬಳಸಬಹುದೆಂದು 1999ರಲ್ಲಿ ಬರೆದರು.

ಈಗ ಹೆಸರಿನ ಚರಿತ್ರೆಗೆ ಬರೋಣ. ನೆಲವಾಸಿ ಚಪ್ಪಟೆ ಹುಳುವೊಂದನ್ನು ಮೊದಲು ವಿವರಿಸಿ ಹೆಸರಿಟ್ಟವನು ಡೆನ್ಮಾರ್ಕಿನ ಓ. ಎಫ್. ಮ್ಯುಲ್ಲರ್. ಯೂರೋಪಿನ ಒಂದು ಸಣ್ಣ ಹುಳುವನ್ನು ಅವನು 1774ರಲ್ಲಿ ‘ಫ್ಯಾಸಿಯೋಲಾ ಟೆರೆಸ್ಟ್ರಿಸ್’ ಎಂದು ಕರೆದ. ಫ್ಯಾಸಿಯೋಲಾ ಎಂಬುದು ಕುರಿಯ ಯಕೃತ್ತಿನ ಹುಳುವಿಗೆ ಲಿನ್ನೇಯಸ್ ಕೊಟ್ಟಿದ್ದ ಹೆಸರು. ಕಾಡಿನ ಎಲೆಯಡಿಯಲ್ಲಿ ತನ್ನ ಪಾಡಿಗೆ ತಾನಿದ್ದ ಪ್ರಾಣಿ ಹೀಗೆ ಮೊದಲ ದಿನವೇ ಪರಾವಲಂಬಿಗಳ ಮನೆಗೆ ದತ್ತು ಹೋಯಿತು. ಅದನ್ನು ಅಲ್ಲಿಂದ ಬಿಡಿಸಿ ‘ಮೈಕ್ರೋಪ್ಲಾನಾ’ ಎಂಬ ಸ್ವಂತ ಮನೆಗೆ ಕಳಿಸಿದ್ದು ಮುಂದಿನವರ ಕೆಲಸ.

ಈ ಹುಳುಗಳ ಹಿಂದೆ ಬಿದ್ದವರಲ್ಲಿ ಒಂದು ದೊಡ್ಡ ಹೆಸರೂ ಇದೆ. ‘ಬೀಗಲ್’ ಹಡಗಿನಲ್ಲಿ ಭೂಮಿಯನ್ನು ಸುತ್ತಿದ ಚಾರ್ಲ್ಸ್ ಡಾರ್ವಿನ್ ದಕ್ಷಿಣ ಗೋಲಾರ್ಧದ ಬೇರೆ ಬೇರೆ ಕಡೆಗಳಲ್ಲಿ ಹನ್ನೆರಡು ಬಗೆಯ ನೆಲವಾಸಿ ಚಪ್ಪಟೆ ಹುಳುಗಳನ್ನು ಕಂಡ. ಇಂದಿನ ಟಾಸ್ಮೇನಿಯಾದಲ್ಲಿ ಹಿಡಿದ ಕೆಲವನ್ನು ಸುಮಾರು ಎರಡು ತಿಂಗಳ ಕಾಲ ಜೀವಂತವಾಗಿ ಇಟ್ಟುಕೊಂಡಿದ್ದ. ಒಂದನ್ನು ಅಡ್ಡಕ್ಕೆ ಎರಡಾಗಿ ಕತ್ತರಿಸಿದಾಗ, ಹದಿನೈದು ದಿನಗಳಲ್ಲಿ ಎರಡು ತುಂಡುಗಳೂ ಪೂರ್ಣ ಪ್ರಾಣಿಯ ಆಕಾರಕ್ಕೆ ಬಂದವು. ಇವುಗಳ ವಿವರಣೆಯನ್ನು ಅವನು 1844ರಲ್ಲಿ ಪ್ರಕಟಿಸಿದ. ಆದರೆ ತನ್ನ ಹುಳುಗಳು ಕೊಳೆತ ಮರವನ್ನು ತಿಂದು ಬದುಕುತ್ತವೆಂದು ಅವನು ನಂಬಿದ್ದ. ಅವು ಮಾಂಸಾಹಾರಿಗಳು, ಅಷ್ಟು ಕಾಲವೂ ತಮ್ಮ ಮೈಯನ್ನೇ ಕರಗಿಸಿಕೊಂಡು ಉಪವಾಸದಲ್ಲಿ ಉಳಿದಿದ್ದಿರಬೇಕು. ಆಹಾರ ಸಿಗದಾಗ ಮೈಯನ್ನು ಕುಗ್ಗಿಸಿಕೊಂಡು ಬದುಕುವುದು ಈ ಕುಲಕ್ಕೆ ಸಹಜವಾದ ವಿದ್ಯೆ.

ನಮ್ಮ ನೆರೆಯ ಸಿಂಹಳದ ಪಾತ್ರವೂ ಈ ಚರಿತ್ರೆಯಲ್ಲಿ ದೊಡ್ಡದು. 1871ರ ಡಿಸೆಂಬರ್ 12ರಂದು ದಕ್ಷಿಣ ಭಾರತದ ಮೇಲೂ ಸಿಂಹಳದ ಮೇಲೂ ಪೂರ್ಣ ಸೂರ್ಯಗ್ರಹಣದ ನೆರಳು ಹಾದುಹೋಯಿತು. ಅದನ್ನು ನೋಡುವುದಕ್ಕಾಗಿ ಖಗೋಳವಿಜ್ಞಾನಿ ನಾರ್ಮನ್ ಲಾಕಿಯರ್, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೇಕಲದ ಕೋಟೆಗೆ ಬಂದು ದೂರದರ್ಶಕವನ್ನು ಹೂಡಿದ. ಅದೇ ಗ್ರಹಣಕ್ಕಾಗಿ ಸಿಂಹಳಕ್ಕೆ ಹೋದ ಇಂಗ್ಲಿಷರ ತಂಡದಲ್ಲಿ ಎಚ್. ಎನ್. ಮೋಸ್ಲಿ ಎಂಬ ತರುಣನಿದ್ದ. ಮುಗಿಲನ್ನು ನೋಡಲು ಬಂದವನ ದೃಷ್ಟಿ ನೆಲಕ್ಕಿಳಿಯಿತು. ಸಿಂಹಳದ ಚಪ್ಪಟೆ ಹುಳುಗಳನ್ನು ಸಂಗ್ರಹಿಸಿ, ತೆಳುವಾದ ಪದರಗಳಾಗಿ ಸೀಳಿ, ಅವುಗಳ ಒಳರಚನೆಯನ್ನು ಕುರಿತು ಅವನು ಬರೆದ ಪ್ರಬಂಧ 1874ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಗ್ರಹಣ ಬಿಟ್ಟುಹೋಯಿತು, ಆ ಪ್ರಬಂಧವನ್ನು ವಿದ್ವಾಂಸರು ಇಂದಿಗೂ ಬಿಚ್ಚಿ ನೋಡುತ್ತಾರೆ. ಮುಂದೆ ಆಸ್ಟ್ರಿಯಾದ ಲುಡ್ವಿಗ್ ಫಾನ್ ಗ್ರಾಫ್ ಲೋಕದ ನೆಲವಾಸಿ ಚಪ್ಪಟೆ ಹುಳುಗಳನ್ನೆಲ್ಲ ಒಟ್ಟುಗೂಡಿಸಿ 1899ರಲ್ಲಿ ಒಂದು ಬೃಹತ್ ಗ್ರಂಥವನ್ನು ಹೊರತಂದ. ಭಾರತದ ಹುಳುಗಳನ್ನು ಕುರಿತು ಆರ್. ಎಚ್. ವೈಟ್‌ಹೌಸ್ 1919ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂ ಪತ್ರಿಕೆಯಲ್ಲಿ ಬರೆದರು.

ಇವರೆಲ್ಲರೂ ಎದುರಿಸಿದ ಕಷ್ಟ ಒಂದೇ. ಈ ಪ್ರಾಣಿಗೆ ಎಲುಬಿಲ್ಲ, ಚಿಪ್ಪಿಲ್ಲ, ಹಲ್ಲಿಲ್ಲ. ಹಿಡಿದು ಅಳೆಯಲು ಗಟ್ಟಿಯಾದದ್ದು ಏನೂ ಇಲ್ಲ. ಹರಿಯುವಾಗ ಗೇಣುದ್ದವಿದ್ದದ್ದು ಮುದುಡಿದರೆ ಬೆರಳಿನ ಒಂದು ಗೆಣ್ಣಿನಷ್ಟು. ಮದ್ಯಸಾರದಲ್ಲಿ ಹಾಕಿದರೆ ಬಣ್ಣ ಹೋಗುತ್ತದೆ, ತಲೆಯ ಆಕಾರ ಕೆಡುತ್ತದೆ. ಆದರೂ ಬಹುಕಾಲ ಹೊರನೋಟವೇ ಆಧಾರವಾಗಿತ್ತು: ತಲೆ ಬೀಸಣಿಗೆಯಂತಿದ್ದರೆ ಒಂದು ಕುಟುಂಬ, ಎರಡೇ ಕಣ್ಣಿದ್ದರೆ ಇನ್ನೊಂದು, ಹಲವು ಕಣ್ಣುಗಳಿದ್ದರೆ ಮತ್ತೊಂದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯ ಸತ್ಯ ಗೊತ್ತಾದದ್ದು ಒಳಗನ್ನು ನೋಡತೊಡಗಿದ ಮೇಲೆ.

ಈ ಹುಳುಗಳು ಉಭಯಲಿಂಗಿಗಳು. ಗಂಡು ಹೆಣ್ಣು ಎರಡರ ಅಂಗಗಳೂ ಒಂದೇ ಮೈಯಲ್ಲಿರುತ್ತವೆ. ತಲೆಯ ಹಿಂದೆ ಒಂದು ಜೊತೆ ಅಂಡಾಶಯಗಳು, ಮೈಯ ಉದ್ದಕ್ಕೂ ಹಲವಾರು ವೃಷಣಗಳು, ಬಾಯಿಯ ಹಿಂಭಾಗದಲ್ಲಿ ಇವೆಲ್ಲ ಬಂದು ಸೇರುವ ಒಂದು ಪುಟ್ಟ ಕೋಣೆ. ಆ ಕೋಣೆಯ ಗೋಡೆ, ಮಡಿಕೆ, ಸ್ನಾಯು, ಗ್ರಂಥಿಗಳ ಜೋಡಣೆ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಹೊರಗೆ ಅವಳಿಜವಳಿಗಳಂತೆ ಕಾಣುವ ಎರಡು ಹುಳುಗಳು ಈ ಒಂದು ಕೋಣೆಯಿಂದಲೇ ಬೇರೆ ಕುಲದವೆಂದು ತಿಳಿದುಬರುತ್ತದೆ. ಬೀಗದ ಹೊರಮೈ ಒಂದೇ ಆಗಿದ್ದರೂ ಒಳಗಿನ ಹಲ್ಲುಗಳು ಬೇರೆಯಾಗಿರುವಂತೆ ಇದು. ಆದರೆ ಆ ಕೋಣೆಯನ್ನು ನೋಡುವುದು ಸುಲಭವಲ್ಲ. ಹುಳುವಿನ ಆ ಭಾಗವನ್ನು ಮೇಣದಲ್ಲಿ ಹುದುಗಿಸಿ, ಯಂತ್ರದಲ್ಲಿ ಪದರ ಪದರವಾಗಿ ಸೀಳಿ, ಬಣ್ಣ ಹಾಕಿ, ಕ್ರಮ ತಪ್ಪದಂತೆ ಗಾಜಿನ ಮೇಲೆ ಜೋಡಿಸಬೇಕು. ಒಂದು ಪದರ 5 ಮೈಕ್ರಾನ್ ದಪ್ಪವಿದ್ದರೆ ಒಂದು ಸೆಂಟಿಮೀಟರ್ ತುಂಡಿಗೆ 2000 ಪದರಗಳು. ಅವುಗಳನ್ನು ಒಂದೊಂದಾಗಿ ನೋಡಿ, ಇಡೀ ಕೋಣೆಯನ್ನು ಮನಸ್ಸಿನಲ್ಲಿ ಮತ್ತೆ ಕಟ್ಟಬೇಕು. ಬ್ರೆಜಿಲಿನ ಸಾವೋ ಪೌಲೋದಲ್ಲಿ ಏರ್ನ್‌ಸ್ಟ್ ಮಾರ್ಕುಸ್, ಅವರ ಅನಂತರ ಕ್ಲಾಡಿಯೋ ಮತ್ತು ಯುಡಾಕ್ಸಿಯಾ ಫ್ರೊಲಿಶ್ 1950ರ ದಶಕದಲ್ಲಿ ಇಂಥ ತಪಸ್ಸಿನಿಂದಲೇ ದಕ್ಷಿಣ ಅಮೆರಿಕದ ಹುಳುಗಳ ಕುಲವನ್ನು ಬಿಡಿಸಿದರು.

ಅದರ ಮುಂದಿನ ಹೆಜ್ಜೆ ಆನುವಂಶಿಕ ದ್ರವ್ಯದ ಓದು. ಹಿಂದಿನವರು ಮೂರು ಕವಲಿನ ಹುಳುಗಳನ್ನು ಸಮುದ್ರದವು, ಸಿಹಿನೀರಿನವು, ನೆಲದವು ಎಂದು ವಾಸಸ್ಥಾನದಿಂದ ಮೂರು ಪಾಲು ಮಾಡಿದ್ದರು. 1990ರ ದಶಕದಲ್ಲಿ ಬಾರ್ಸೆಲೋನಾದ ವಿದ್ವಾಂಸರು, ಸಿಹಿನೀರಿನ ಒಂದು ಕುಟುಂಬದಲ್ಲೂ ನೆಲವಾಸಿಗಳಲ್ಲೂ ಒಂದು ನಿರ್ದಿಷ್ಟ ಜೀನು ಎರಡು ಬಗೆಯಾಗಿ ಇಮ್ಮಡಿಸಿರುವುದನ್ನು ಕಂಡರು. ಸಮುದ್ರದ ಬಳಗದಲ್ಲಿ ಹಾಗಿಲ್ಲ. ಅದರ ಅರ್ಥ, ಇವೆರಡಕ್ಕೂ ಪೂರ್ವಜರು ಒಬ್ಬರೇ. ನೆಲದ ಹುಳು ಸಮುದ್ರದಿಂದ ನೇರವಾಗಿ ಬಂದುದಲ್ಲ, ಸಿಹಿನೀರಿನಿಂದ ದಡ ಹತ್ತಿದ್ದು. ಮನೆ ಎಲ್ಲಿದೆ ಎಂಬುದರಿಂದ ಗೋತ್ರವನ್ನು ಹೇಳಬಾರದು ಎಂಬ ಪಾಠ ಇದರಲ್ಲಿದೆ. 2009ರಲ್ಲಿ ಸ್ಲೈಸ್ ಮತ್ತು ಅವರ ಸಂಗಡಿಗರು ಹೊಸ ವರ್ಗೀಕರಣವನ್ನು ಮುಂದಿಟ್ಟರು. ಅದರಂತೆ ನೆಲವಾಸಿಗಳೆಲ್ಲ ಒಂದೇ ಕುಟುಂಬ, ಅದರಲ್ಲಿ ನಾಲ್ಕು ಮುಖ್ಯ ಶಾಖೆಗಳು. ಬೀಸಣಿಗೆ ತಲೆಯ ಬೈಪೇಲಿಯಿನೇ ಮಡಗಾಸ್ಕರದಿಂದ ನಮ್ಮ ದೇಶ, ಆಗ್ನೇಯ ಏಷ್ಯ, ಜಪಾನಿನವರೆಗೆ ಹರಡಿದೆ. ಎಲೆಯಾಕಾರದ ಜಿಯೋಪ್ಲಾನಿನೇ ಮಧ್ಯ ಮತ್ತು ದಕ್ಷಿಣ ಅಮೆರಿಕದವು. ಮೈಕ್ರೋಪ್ಲಾನಿನೇ ಮುಖ್ಯವಾಗಿ ಯೂರೋಪು, ಆಫ್ರಿಕಗಳ ಎರಡು ಕಣ್ಣಿನ ಸಣ್ಣವು. ನಾಲ್ಕನೆಯದಾದ ರಿಂಕೋಡೆಮಿನೇ ಶಾಖೆಯಲ್ಲಿ ಎರಡು ಕಣ್ಣಿನವೂ ಹಲವು ಕಣ್ಣಿನವೂ ಒಟ್ಟಿಗೆ ಇವೆ. ಕಣ್ಣುಗಳನ್ನು ಎಣಿಸಿ ಕುಲ ಹೇಳುತ್ತಿದ್ದ ಕಾಲ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಆದರೂ ಕುಲ ತಿಳಿಯದ ಅನಾಥರು ಉಳಿದಿದ್ದಾರೆ. ಹಿಂದಿನವರು ಹೊರನೋಟವನ್ನು ಮಾತ್ರ ಬರೆದಿಟ್ಟ, ಒಳಗಿನ ಕೋಣೆಯನ್ನು ಯಾರೂ ನೋಡದ ಬೀಸಣಿಗೆ ತಲೆಯ ಹುಳುಗಳಿಗೆಲ್ಲ ‘ಡೈವರ್ಸಿಬೈಪೇಲಿಯಂ’ ಎಂಬ ತಾತ್ಕಾಲಿಕ ಹೆಸರನ್ನು ಕೊಟ್ಟು ಒಂದೆಡೆ ಇರಿಸಿದ್ದಾರೆ. ಅದು ಒಂದು ಧರ್ಮಛತ್ರದಂತೆ. ಅಲ್ಲಿ ತಂಗಿದವರು ಅಣ್ಣತಮ್ಮಂದಿರೇನೂ ಅಲ್ಲ. ಯಾರಾದರೂ ಹೊಸ ಮಾದರಿಯನ್ನು ಹಿಡಿದು, ಸೀಳಿ ನೋಡಿ, ಸ್ವಂತ ಮನೆಗೆ ಕರೆದೊಯ್ಯುವವರೆಗೆ ಅಲ್ಲಿಯೇ ಕಾಯಬೇಕು.

ಒಂದು ಹುಳುವಿನ ಹೆಸರಿಗಾಗಿ ಇಷ್ಟೊಂದು ಶ್ರಮವೇಕೆ ಎಂದು ನೀವು ಕೇಳಬಹುದು. ಉತ್ತರ ಹೂಕುಂಡದಲ್ಲಿದೆ. ಒಣಬಯಲನ್ನು ದಾಟಲಾರದ ಈ ಪ್ರಾಣಿ, ಬೇರಿನ ಸುತ್ತ ಒದ್ದೆ ಮಣ್ಣಿರುವ ಗಿಡದೊಂದಿಗೆ ಸಮುದ್ರವನ್ನೇ ದಾಟಬಲ್ಲದು. 1878ರಲ್ಲಿ ಮೋಸ್ಲಿ ಒಂದು ಹೊಸ ಪ್ರಭೇದಕ್ಕೆ ‘ಬೈಪೇಲಿಯಂ ಕ್ಯೂವೆನ್ಸ್’ ಎಂದು ಹೆಸರಿಟ್ಟ. ಅದು ಸಿಕ್ಕಿದ್ದು ಯಾವ ಕಾಡಿನಲ್ಲೂ ಅಲ್ಲ, ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ. ಅದರ ತವರು ವಿಯೆಟ್ನಾಂ, ಕಾಂಬೋಡಿಯಾಗಳ ಕಡೆ ಎಂದು 1983ರಲ್ಲಿ ಲೀ ವಿನ್ಸರ್ ತೋರಿಸಿಕೊಡುವವರೆಗೆ, ನೂರು ವರ್ಷಗಳ ಕಾಲ ಅದು ತವರಿಲ್ಲದ ಹುಳುವಾಗಿಯೇ ಇತ್ತು. ಹೊಸ ಊರುಗಳಲ್ಲಿ ಅದು ಸಂಗಾತಿಯನ್ನು ಕಾಯುವುದಿಲ್ಲ. ಬಾಲದ ತುದಿಯ ಒಂದು ಚೂರನ್ನು ಕಳಚಿ ಬಿಡುತ್ತದೆ. ಆ ಚೂರು ತಲೆಯನ್ನು ಬೆಳೆಸಿಕೊಂಡು ಇನ್ನೊಂದು ಹುಳುವಾಗುತ್ತದೆ. ಅದರ ಅಂಗಾಂಶದಲ್ಲಿ ಯಾವ ಅಂಗವಾಗಿ ಬೇಕಾದರೂ ಮಾರ್ಪಡಬಲ್ಲ ಮೂಲಕೋಶಗಳು ಚೆಲ್ಲಿಕೊಂಡಿರುವುದೇ ಇದರ ಗುಟ್ಟು. ರಕ್ತಬೀಜಾಸುರನ ಕಥೆಯನ್ನು ಕೇಳಿ ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನ್ಯೂಜಿಲೆಂಡಿನ ಒಂದು ಪ್ರಭೇದ 1963ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಕಾಣಿಸಿಕೊಂಡಿತು. ಅಂದಿನಿಂದ ಐರ್ಲೆಂಡ್, ಸ್ಕಾಟ್ಲೆಂಡುಗಳ ಹೊಲ ತೋಟಗಳಲ್ಲಿ ಎರೆಹುಳುಗಳನ್ನು ತಿನ್ನುತ್ತ ಹರಡಿದೆ. ಎರೆಹುಳು ಕಡಿಮೆಯಾದರೆ ನೆಲಕ್ಕೆ ಗಾಳಿಯಾಡುವುದಿಲ್ಲ, ಮಳೆಯ ನೀರು ಇಂಗುವುದಿಲ್ಲ. ದಕ್ಷಿಣ ಅಮೆರಿಕದ ಇನ್ನೊಂದು ಪ್ರಭೇದ ಈಗ ಫ್ರಾನ್ಸಿನ ತೋಟಗಳಲ್ಲೆಲ್ಲ ಇದೆ. ಅದರ ಹೆಸರು ‘ಒಬಾಮಾ ನುಂಗಾರಾ’. ಅಮೆರಿಕದ ಅಧ್ಯಕ್ಷರಾಗಿದ್ದವರಿಗೂ ಈ ಹೆಸರಿಗೂ ಸಂಬಂಧವಿಲ್ಲ. ಬ್ರೆಜಿಲಿನ ಮೂಲನಿವಾಸಿಗಳ ಟುಪಿ ಭಾಷೆಯಲ್ಲಿ ‘ಒಬಾ’ ಎಂದರೆ ಎಲೆ, ‘ಮಾ’ ಎಂದರೆ ಪ್ರಾಣಿ. ಎಲೆಯಂಥ ಪ್ರಾಣಿ ಎಂಬ ಸರಳವಾದ, ಸುಂದರವಾದ ಅರ್ಥ. ಇನ್ನೊಂದು ಮಾತು: ಫ್ರಾನ್ಸಿನಲ್ಲಿ ಈ ಪರದೇಶಿ ಹುಳುಗಳ ಹರಡುವಿಕೆ ಬೆಳಕಿಗೆ ಬಂದದ್ದು ಬಹುಮಟ್ಟಿಗೆ ಸಾಮಾನ್ಯ ಜನರಿಂದ. ತಮ್ಮ ತೋಟದಲ್ಲಿ ಕಂಡದ್ದರ ಚಿತ್ರ ತೆಗೆದು ಅವರು ಕಳಿಸಿದರು. 2018ರಲ್ಲಿ ಜಾನ್ ಲೂ ಜ್ಯುಸ್ತಿನ್ ಮತ್ತು ಅವರ ಜೊತೆಯವರು ಅವನ್ನು ಒಟ್ಟುಗೂಡಿಸಿ ಪ್ರಕಟಿಸಿದಾಗ, ಬೀಸಣಿಗೆ ತಲೆಯ ಹುಳುಗಳು ಇಪ್ಪತ್ತು ವರ್ಷಗಳಿಂದ ಆ ದೇಶದಲ್ಲಿದ್ದರೂ ವಿದ್ವಾಂಸರ ಗಮನಕ್ಕೆ ಬಂದಿರಲಿಲ್ಲವೆಂಬುದು ಗೊತ್ತಾಯಿತು.

ನಮಗೆ ಹೆಚ್ಚು ಹತ್ತಿರವಾದ ಎಚ್ಚರಿಕೆಯ ಕಥೆ ನ್ಯೂಗಿನಿಯದ ಹುಳುವಿನದು, ‘ಪ್ಲಾಟಿಡೆಮಸ್ ಮನೋಕ್ವಾರಿ’. ಇದು ಬಸವನಹುಳುಗಳನ್ನು ತಿನ್ನುತ್ತದೆ, ಅವುಗಳ ಬೆನ್ನು ಹತ್ತಿ ಮರವನ್ನೂ ಏರುತ್ತದೆ. ಆಫ್ರಿಕದ ದೈತ್ಯ ಬಸವನಹುಳು ಪೆಸಿಫಿಕ್ ದ್ವೀಪಗಳ ಬೆಳೆಯನ್ನು ಹಾಳುಮಾಡುತ್ತಿದ್ದಾಗ, ಇದನ್ನು ಬಿಟ್ಟರೆ ಅದು ನಾಶವಾಗುತ್ತದೆಂದು ಕೆಲವರಿಗೆ ತೋಚಿತು. 1980ರ ದಶಕದಲ್ಲಿ ಫಿಲಿಪ್ಪೀನ್ಸಿನಲ್ಲಿ ಬೇಕೆಂದೇ ತಂದು ಬಿಟ್ಟರು. ದೈತ್ಯ ಬಸವನ ಕಡಿಮೆಯಾದದ್ದು ನಿಜ. ಆದರೆ ಈ ಹುಳುವಿಗೆ ಶತ್ರು ಬಸವ, ಮಿತ್ರ ಬಸವ ಎಂಬ ಭೇದವಿಲ್ಲ. ಅದು ತಲುಪಿದ ಗುವಾಮ್, ಜಪಾನಿನ ಒಗಸವಾರ ಮುಂತಾದ ದ್ವೀಪಗಳಲ್ಲಿ, ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಸ್ಥಳೀಯ ಬಸವನಹುಳುಗಳು ಅದರ ಬಾಯಿಗೆ ಬಿದ್ದವು. ಇಲಿಯ ಮೇಲಿನ ಕೋಪಕ್ಕೆ ಮನೆಗೆ ಬೆಂಕಿ ಇಟ್ಟಂತಾಯಿತು. ಇಂದು ಅದು ಜಗತ್ತಿನ ಅತ್ಯಂತ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ.

ಆಫ್ರಿಕದ ಬಸವನಹುಳು ನಮ್ಮಲ್ಲೂ ಇದೆ. 1847ರಲ್ಲಿ ಡಬ್ಲ್ಯು. ಎಚ್. ಬೆನ್ಸನ್ ಎಂಬ ಅಧಿಕಾರಿ ಮಾರಿಷಸ್ಸಿನಿಂದ ತಂದು ಕಲ್ಕತ್ತೆಯ ಒಂದು ತೋಟದಲ್ಲಿ ಬಿಟ್ಟದ್ದರ ಸಂತಾನ ದೇಶವೆಲ್ಲ ಹಬ್ಬಿ, ನಮ್ಮ ಕೊಡಗಿನ ಕಾಫಿ ತೋಟಗಳಿಗೂ ಮುತ್ತಿಗೆ ಹಾಕಿದೆ. ಅದರ ಕಾಟವನ್ನು ಉಂಡವರಿಗೆ, ಅದನ್ನು ತಿನ್ನುವ ಹುಳುವೊಂದಿದೆ ಎಂಬ ಸುದ್ದಿ ಸಿಹಿಯಾಗಿಯೇ ಕೇಳಿಸುತ್ತದೆ. ಆದರೆ ಪಶ್ಚಿಮಘಟ್ಟದ ಎಲೆಗಳ ಅಡಿಯಲ್ಲಿ, ಬೇರೆಲ್ಲಿಯೂ ಇಲ್ಲದ ಬಸವನಹುಳುಗಳು ನಮ್ಮವೇ ಎಷ್ಟೋ ಇವೆ. ತಂದು ಬಿಟ್ಟ ಹುಳುವನ್ನು ಮತ್ತೆ ಕರೆದುಕೊಳ್ಳುವ ಮಂತ್ರ ಯಾರ ಬಳಿಯೂ ಇಲ್ಲ.

ಹಾಗೆಂದು ಕಂಡ ಚಪ್ಪಟೆ ಹುಳುವನ್ನೆಲ್ಲ ಕೊಲ್ಲಬೇಕೆಂದೂ ಅಲ್ಲ. ಬೀಸಣಿಗೆ ತಲೆಯ ಬಳಗಕ್ಕೆ ನಮ್ಮ ದೇಶವೂ ತವರು. ಯೂರೋಪಿನವರಿಗೆ ಅದು ಅತಿಕ್ರಮಿಯಾದರೆ ನಮ್ಮ ಕಾಡಿನಲ್ಲಿ ಅದು ಮನೆಯವನೇ ಆಗಿರಬಹುದು. ಇವು ಮನುಷ್ಯನನ್ನು ಕಚ್ಚುವುದಿಲ್ಲ. ಮುಟ್ಟಿದರೆ ಕೈ ತೊಳೆದುಕೊಂಡರಾಯಿತು. ತೋಟದಲ್ಲಿ ಕಂಡರೆ ಕತ್ತಿಯಿಂದ ಕೊಚ್ಚುವುದಂತೂ ಅವಿವೇಕ, ಕೊಚ್ಚಿದಷ್ಟೂ ಹೆಚ್ಚುತ್ತವೆ. ಬೇರೆ ಊರಿನಿಂದ ಗಿಡ ತರುವಾಗ ಕುಂಡದ ಅಡಿಯನ್ನು ಒಮ್ಮೆ ಎತ್ತಿ ನೋಡುವುದು, ಹೊಸ ಹುಳು ಕಂಡರೆ ಅದರ ಬೆನ್ನು, ಹೊಟ್ಟೆ, ತಲೆಗಳ ಚಿತ್ರವನ್ನು ತೆಗೆದು ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರದವರಿಗೆ ತೋರಿಸುವುದು, ಇಷ್ಟು ನಾವು ಮಾಡಬಲ್ಲೆವು. ನಮ್ಮದು ಯಾವುದು, ಹೊರಗಿನದು ಯಾವುದು ಎಂದು ಹೇಳಬೇಕಾದರೆ ಮೊದಲು ಇರುವುದು ಯಾವುದೆಂದು ತಿಳಿದಿರಬೇಕು. ಸಾವಿರಾರು ಪದರಗಳನ್ನು ಸೀಳಿ ಕುಳಿತ ಆ ವಿದ್ವಾಂಸರ ಶ್ರಮದ ಬೆಲೆ ಇರುವುದು ಅಲ್ಲಿಯೇ. ಹೆಸರು ಗೊತ್ತಿಲ್ಲದ್ದನ್ನು ನಾವು ಕಾಪಾಡಲಾರೆವು, ಅದರಿಂದ ನಮ್ಮನ್ನು ಕಾಪಾಡಿಕೊಳ್ಳಲೂ ಆರೆವು.